ಹಕೊದಾತೆಯಲ್ಲಿ ಸೋತವರ ಕಲ್ಲುಗಳು

ಹಿಜಿಕಾತಾ ತೊಶಿಜೋ ಆ ಮಧ್ಯಾಹ್ನವೆಲ್ಲ ಸಾಯುತ್ತಲೇ ಇದ್ದ. ಒಬ್ಬ ಹಿಜಿಕಾತಾ ಹೊಟ್ಟೆ ಹಿಡಿದುಕೊಂಡು ಕುಸಿದುಬಿದ್ದು, ಮತ್ತೆ ಎದ್ದು, ಪ್ರೇಕ್ಷಕರಿಗೆ ಸೊಂಟ ಬಾಗಿಸಿ ನಮಸ್ಕರಿಸಿ ಬದಿಗೆ ಸರಿಯುತ್ತಿದ್ದಂತೆ ಇನ್ನೊಬ್ಬ ಕತ್ತಿ ಹಿರಿದು ನುಗ್ಗುತ್ತಿದ್ದ. ಎಲ್ಲರದೂ ಒಂದೇ ವೇಷ: ಮೊಣಕಾಲು ಮುಟ್ಟುವ ಬೂಟು, ಕಪ್ಪು ಕೋಟು, ಜೇಬಿನಿಂದ ಇಣುಕುವ ಗಡಿಯಾರದ ಸರಪಳಿ, ಹಿಂದಕ್ಕೆ ಬಾಚಿದ ಕೂದಲು. ಸಾಯುವ ರೀತಿ ಮಾತ್ರ ಒಬ್ಬೊಬ್ಬನದು ಒಂದೊಂದು ಬಗೆ. ಗುಂಡು ತಾಗಿದ ಮೇಲೂ ದೀರ್ಘ ಭಾಷಣ ಮಾಡಿದವನಿಗೆ ಹೆಚ್ಚು ಚಪ್ಪಾಳೆ ಬಿತ್ತು. ನಮ್ಮ ಬಯಲಾಟದ ಖಳನಾಯಕರೂ ಇಷ್ಟು ನಿಧಾನವಾಗಿ ಸಾಯುವುದಿಲ್ಲ.

ಇದು ಜಪಾನಿನ ಉತ್ತರ ದ್ವೀಪ ಹೊಕ್ಕಾಯ್ಡೊದ ದಕ್ಷಿಣ ತುದಿಯಲ್ಲಿರುವ ಹಕೊದಾತೆ ಎಂಬ ಬಂದರು ಊರಿನ ಮೇ ತಿಂಗಳ ಜಾತ್ರೆ. ಹೆಸರು ಗೊರ್ಯೋಕಾಕು ಹಬ್ಬ. ಹಿಜಿಕಾತಾನ ಸಾವಿನ ದೃಶ್ಯವನ್ನು ಅಭಿನಯಿಸುವ ಸ್ಪರ್ಧೆಗೆ ಜಪಾನಿನ ನಾನಾ ಕಡೆಗಳಿಂದ ಜನ ಬರುತ್ತಾರೆ. ಅವನು ಸತ್ತದ್ದು 1869ರಲ್ಲಿ, ಇದೇ ಊರಿನಲ್ಲಿ, ಸೋತ ಪಕ್ಷದ ಸೇನಾನಿಯಾಗಿ. ಗೆದ್ದ ಪಕ್ಷದ ಸೇನಾಪತಿಯ ಹೆಸರಿನಲ್ಲಿ ಯಾವ ಸ್ಪರ್ಧೆಯೂ ಇರಲಿಲ್ಲ. ಅವನ ಹೆಸರು ಕುರೊದಾ ಕಿಯೊತಾಕಾ; ಮುಂದೆ ಜಪಾನಿನ ಪ್ರಧಾನಿಯಾದವನು. ಬಿಸ್ಕತ್ತಿನ ಡಬ್ಬ, ಕೀಲಿಗೊಂಚಲು, ಸಾಕೆ ಮದ್ಯದ ಬಾಟಲಿ, ಟೀ ಶರ್ಟು, ಎಲ್ಲದರ ಮೇಲೂ ಸೋತವನ ಮುಖವೇ.

ಒಳಯುದ್ಧವೊಂದರ ಕೊನೆಯ ಕಾಳಗ ನಡೆದ ಊರು ಅದನ್ನು ಹೇಗೆ ನೆನೆಯುತ್ತದೆ ಎಂದು ನೋಡುವ ಆಸೆಯಿಂದಲೇ ನಾನು ಹೋಗಿದ್ದು. ಗೆದ್ದವರ ಸ್ತಂಭ, ಸೋತವರ ಮೌನ, ಇಷ್ಟೇ ಇರಬಹುದು ಎಂದುಕೊಂಡಿದ್ದೆ. ಹಕೊದಾತೆ ಆ ಲೆಕ್ಕಕ್ಕೆ ಸಿಗುವ ಊರಲ್ಲ.

ಯುದ್ಧದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತೊಕುಗಾವಾ ಮನೆತನದ ಶೋಗುನ್‌ಗಳು ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಜಪಾನನ್ನು ಆಳಿದ್ದರು. 1868ರ ಜನವರಿಯಲ್ಲಿ ಕ್ಯೋತೊ ನಗರದ ದಕ್ಷಿಣಕ್ಕೆ ತೊಬಾ-ಫುಶಿಮಿಯಲ್ಲಿ ಅವರ ಸೇನೆಗೂ, ಚಕ್ರವರ್ತಿಯ ಧ್ವಜ ಹಿಡಿದ ಸಾತ್ಸುಮಾ ಮತ್ತು ಚೋಶೂ ಸಂಸ್ಥಾನಗಳ ಸೇನೆಗೂ ಕದನ ಶುರುವಾಯಿತು. ಅದೇ ಬೊಶಿನ್ ಯುದ್ಧ. ಎದೊ ಕೋಟೆ ಕಾಳಗವಿಲ್ಲದೆ ಕೈಬಿಟ್ಟುಹೋಯಿತು. ಆ ಎದೊ ಇಂದಿನ ಟೋಕಿಯೊ. ಈಶಾನ್ಯದ ಐಜು ಸಂಸ್ಥಾನ ರಕ್ತ ಸುರಿಸಿ ಸೋತಿತು. ಶೋಗುನ್ ತಾನೇ ಶರಣಾದ ಮೇಲೂ ಒಪ್ಪದವರು ಉಳಿದಿದ್ದರು. ನೌಕಾಪಡೆಯ ಎನೊಮೊತೊ ತಾಕೆಯಾಕಿ ಅವರಲ್ಲೊಬ್ಬ. ಹಾಲೆಂಡಿನಲ್ಲಿ ವರ್ಷಗಟ್ಟಲೆ ಓದಿ ಬಂದವನು. ಅವನು ಎಂಟು ಹಡಗುಗಳನ್ನು ಹೊಸ ಸರ್ಕಾರಕ್ಕೆ ಒಪ್ಪಿಸದೆ 1868ರ ಅಕ್ಟೋಬರಿನಲ್ಲಿ ಎದೊ ಕೊಲ್ಲಿಯಿಂದ ಉತ್ತರಕ್ಕೆ ಹೊರಟುಬಿಟ್ಟ. ದಾರಿಯಲ್ಲಿ ಸೆಂದಾಯ್‌ನಲ್ಲಿ ಸೋತು ಚದುರಿದ್ದವರು ಸೇರಿಕೊಂಡರು. ಹಿಜಿಕಾತಾ ಹತ್ತಿದ್ದೂ ಅಲ್ಲಿಯೇ. ಡಿಸೆಂಬರಿನ ಹಿಮದಲ್ಲಿ ಸುಮಾರು 3,000 ಮಂದಿ ಎಜೊ ದ್ವೀಪದಲ್ಲಿ ಇಳಿದರು. ಹೊಕ್ಕಾಯ್ಡೊವನ್ನು ಆಗ ಕರೆಯುತ್ತಿದ್ದದ್ದು ಹಾಗೆ. ಹಕೊದಾತೆಯ ಗೊರ್ಯೋಕಾಕು ಕೋಟೆ ಹೆಚ್ಚು ಪ್ರತಿಭಟನೆಯಿಲ್ಲದೆ ಅವರ ಕೈಸೇರಿತು. ಅಲ್ಲಿ ಅಧಿಕಾರಿಗಳು ಚೀಟಿ ಹಾಕಿ ಎನೊಮೊತೊನನ್ನು ಮುಖ್ಯಸ್ಥನನ್ನಾಗಿ ಆರಿಸಿದರು. ವಿದೇಶೀಯರು ಅದನ್ನು ಗಣರಾಜ್ಯ ಎಂದು ಬರೆದರು, ಪ್ರವಾಸಿ ಕೈಪಿಡಿಗಳು ಇಂದಿಗೂ ಹಾಗೇ ಬರೆಯುತ್ತವೆ. ಮತ ಹಾಕಿದವರು ಮೇಲಿನ ಅಧಿಕಾರಿಗಳು ಮಾತ್ರ. ಸಾಮಾನ್ಯ ಸಿಪಾಯಿಯನ್ನಾಗಲಿ ಊರಿನವರನ್ನಾಗಲಿ ಯಾರೂ ಕೇಳಲಿಲ್ಲ.

ಕೋಟೆ ನೋಡಬೇಕಾದರೆ ಮೇಲಿನಿಂದಲೇ ನೋಡಬೇಕು. ಪಕ್ಕದಲ್ಲಿ 107 ಮೀಟರ್ ಎತ್ತರದ ಗೋಪುರ ನಿಲ್ಲಿಸಿದ್ದಾರೆ. ಲಿಫ್ಟಿನಲ್ಲಿ ಹತ್ತಿ ಗಾಜಿಗೆ ಹಣೆ ಒತ್ತಿ ನಿಂತರೆ ಕೆಳಗೆ ಐದು ಮೂಲೆಯ ನಕ್ಷತ್ರ. ಸುತ್ತ ಕಂದಕದ ನೀರು, ಏರಿಯ ಮೇಲೆ ಸುಮಾರು 1,600 ಚೆರ್ರಿ ಮರ. ಹೂವಿನ ಕಾಲ ಆಗಲೇ ಮುಗಿದು ಎಲೆ ಬಂದಿತ್ತು. ಹೂವಿದ್ದಾಗ ಇಡೀ ನಕ್ಷತ್ರವೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ ಎಂದು ಗೋಡೆಯ ಮೇಲಿನ ಚಿತ್ರ ಹೇಳುತ್ತಿತ್ತು. ಇದನ್ನು ಕಟ್ಟಿಸಿದ ತಾಕೆದಾ ಅಯಾಸಾಬುರೊ ಯುರೋಪಿಗೆ ಹೋದವನೇ ಅಲ್ಲ. ಡಚ್ ಪುಸ್ತಕಗಳನ್ನು ಓದಿ, ಬಂದರಿಗೆ ಬಂದ ಫ್ರೆಂಚ್ ಹಡಗಿನವರನ್ನು ವಿಚಾರಿಸಿ ನಕ್ಷೆ ಬರೆದ. 1857ರಲ್ಲಿ ಕೆಲಸ ಶುರುವಾಗಿ 1864ರ ಹೊತ್ತಿಗೆ ಆಡಳಿತ ಕಚೇರಿ ಒಳಗೆ ಬಂತು. ಯಾವ ಮೂಲೆಯಿಂದ ಶತ್ರು ಬಂದರೂ ಎರಡು ಕಡೆಯಿಂದ ಗುಂಡು ಹಾರಿಸಬಹುದಾದ ಈ ಆಕಾರ ಯುರೋಪಿನಲ್ಲಿ ಆಗಲೇ ಹಳತಾಗಿತ್ತು. ಫಿರಂಗಿಗಳ ದೂರ ಅಷ್ಟು ಬೆಳೆದಿತ್ತು. ಕೊನೆಯ ದಿನಗಳಲ್ಲಿ ಮೂರು ಕಿಲೋಮೀಟರಿಗೂ ಆಚೆ ಕೊಲ್ಲಿಯಲ್ಲಿ ನಿಂತ ಹಡಗಿನ ಗುಂಡು ನಕ್ಷತ್ರದ ನಡುವಿನ ಕಚೇರಿಗೇ ಬಂದು ಬಿತ್ತು. ಕಚೇರಿಯ ಮಾಡಿನ ಮೇಲಿದ್ದ ಸಣ್ಣ ಗೋಪುರ ಗುರಿಯಿಡುವವರಿಗೆ ಅನುಕೂಲವೇ ಆಯಿತು.

ಆ ಹಡಗಿನ ಕಥೆಯೊಂದೇ ಸಾಕು ಈ ಪ್ರಯಾಣಕ್ಕೆ. ಕೋತೆತ್ಸು ಎಂಬ ಆ ಕಬ್ಬಿಣದ ಕವಚದ ಹಡಗನ್ನು ಕಟ್ಟಿದ್ದು ಫ್ರಾನ್ಸಿನ ಬೋರ್ದೋದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳಿಗಾಗಿ. ಆಗ ಅದರ ಹೆಸರು ಸ್ಟೋನ್‌ವಾಲ್. ಅದು 1865ರ ಮೇ ತಿಂಗಳಲ್ಲಿ ಹವಾನಾ ಮುಟ್ಟುವಷ್ಟರಲ್ಲಿ ಅಲ್ಲಿನ ಯುದ್ಧವೇ ಮುಗಿದಿತ್ತು. ಅಮೆರಿಕ ಸರ್ಕಾರ ಅದನ್ನು ಶೋಗುನ್‌ಗೆ ಮಾರಿತು. ಹಡಗು ಜಪಾನಿಗೆ ಬಂದು ನಿಂತಾಗ ಇಲ್ಲಿಯೂ ಒಳಜಗಳ ಶುರುವಾಗಿತ್ತು. ನಾವು ತಟಸ್ಥರು ಎಂದು ಅಮೆರಿಕದ ರಾಯಭಾರಿ ಅದನ್ನು ಯಾರಿಗೂ ಕೊಡದೆ ಇಟ್ಟುಕೊಂಡು, ಕೊನೆಗೆ ಗೆಲ್ಲುತ್ತಿದ್ದವರಿಗೆ ಕೊಟ್ಟ. ಶೋಗುನ್ ದುಡ್ಡು ಕೊಟ್ಟ ಹಡಗು ಶೋಗುನ್‌ನ ಕೊನೆಯ ಬಂಟರ ಮೇಲೆಯೇ ಗುಂಡು ಹಾರಿಸಿತು. ತನ್ನ ಯುದ್ಧದ ಮುಕ್ತಾಯಕ್ಕೆ ತಡವಾಗಿ ಬಂದದ್ದು ಬೇರೊಬ್ಬರ ಯುದ್ಧದ ಮುಕ್ತಾಯಕ್ಕೆ ಸರಿಯಾಗಿ ಬಂದು ತಲುಪಿತು.

ಕೆಳಗಿಳಿದು ಸೇತುವೆ ದಾಟಿ ಒಳಗೆ ಹೋದೆ. ಕಚೇರಿಯನ್ನು ಯುದ್ಧ ಮುಗಿದ ಎರಡು ವರ್ಷಕ್ಕೆ ಕೆಡವಿಹಾಕಿದ್ದರು. ಈಗ ಇರುವುದು 2010ರಲ್ಲಿ ಮತ್ತೆ ಕಟ್ಟಿದ್ದು, ಮೂಲದ ಮೂರನೆಯ ಒಂದು ಭಾಗ. ಫ್ರಾನ್ಸಿನಲ್ಲಿ ಸಿಕ್ಕ ಹಳೆಯ ಫೋಟೊ ಇಟ್ಟುಕೊಂಡು ಹಳೆಯ ಕ್ರಮದಲ್ಲೇ ಬಡಗಿಗಳು ಮರ ಕೂಡಿಸಿದ್ದಾರೆ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ನಡೆದರೆ ಹೊಸ ಮರದ ವಾಸನೆ ಇನ್ನೂ ಬರುತ್ತದೆ. ಹೊರಗೆ ಬಂದರಿನ ತಳದಿಂದ ಎತ್ತಿದ ಎರಡು ಫಿರಂಗಿಗಳು, ಒಂದು ಇಂಗ್ಲೆಂಡಿನದು, ಒಂದು ಜರ್ಮನಿಯದು. ಇದಕ್ಕಿಂತ ನನಗೆ ಇಷ್ಟವಾದ ಸಂಗತಿ ಕಂದಕದ್ದು. ಯುದ್ಧವಾದ ಮೇಲೆ ನಾಕಾಗಾವಾ ಕಾಹೆಯಿ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಈ ಕಂದಕದ ಮಂಜುಗಡ್ಡೆಯನ್ನು ಕೊಯ್ದು ಹಡಗಿನಲ್ಲಿ ಟೋಕಿಯೊಗೆ ಸಾಗಿಸಿ ಮಾರಿದ. ಅದುವರೆಗೆ ಅಮೆರಿಕದ ಬಾಸ್ಟನ್‌ನಿಂದ ಬರುತ್ತಿದ್ದ ದುಬಾರಿ ಮಂಜುಗಡ್ಡೆಗೆ ಹಕೊದಾತೆಯದು ಪೈಪೋಟಿ ಕೊಟ್ಟಿತು. ಕೋಟೆಯಿಂದ ಊರಿಗೆ ಆದ ಮೊದಲ ನಿಜವಾದ ಲಾಭ ಬಹುಶಃ ಅದೇ.

ಊರಿನ ಟ್ರಾಮಿನಲ್ಲಿ ಒಂದು ದಿನದ ಪಾಸು ಕೊಂಡರೆ ಯುದ್ಧವನ್ನು ಹಿಂದುಮುಂದಾಗಿ ಸುತ್ತಬಹುದು. ಹಕೊದಾತೆ ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಕಚೇರಿ ಕಟ್ಟಡಗಳ ನಡುವೆ ಪುಟ್ಟ ಹಸಿರು ತುಂಡೊಂದಿದೆ. ಅಲ್ಲಿ ಮರದ ಹೆಬ್ಬಾಗಿಲೊಂದರ ಮಾದರಿ, ಅದರ ಪಕ್ಕ ಹಿಜಿಕಾತಾ ಬಿದ್ದ ಜಾಗವೆಂದು ಹೇಳುವ ಕಲ್ಲು. 1869ರ ಜೂನ್ 20ರಂದು ಸರ್ಕಾರದ ಸೇನೆ ಎಲ್ಲ ಕಡೆಯಿಂದಲೂ ಒಮ್ಮೆಲೇ ಮೇಲೆ ಬಿತ್ತು. ಕುರೊದಾನ ಪಡೆ ರಾತ್ರಿ ಹಡಗಿನಲ್ಲಿ ಸುತ್ತಿ ಬಂದು ಹಕೊದಾತೆ ಬೆಟ್ಟದ ಬೆನ್ನಿನ ಕಡಿದಾದ ಬದಿಯನ್ನು ಹತ್ತಿ, ಬೆಳಗಾಗುವಾಗ ಊರಿನ ನೆತ್ತಿಯ ಮೇಲೆ ನಿಂತಿತ್ತು. ಬಂದರಿನ ತುದಿಯ ಬೆಂತೆನ್ ಕೋಟೆಯಲ್ಲಿದ್ದ ತನ್ನವರು ಒಂಟಿಯಾದರೆಂದು ತಿಳಿದು ಹಿಜಿಕಾತಾ ಸಣ್ಣ ತುಕಡಿ ಕಟ್ಟಿಕೊಂಡು ಗೊರ್ಯೋಕಾಕುವಿನಿಂದ ಹೊರಟ. ಇಪ್ಪೊಂಗಿ ಎಂಬ ಈ ಬಾಗಿಲ ಬಳಿ ಕುದುರೆಯ ಮೇಲಿದ್ದಾಗ ಗುಂಡು ತಾಗಿತು. ಆಗ ಅವನಿಗೆ 34 ವರ್ಷ. ಹೆಣ ಎಲ್ಲಿ ಹೂತರೋ ಇಂದಿಗೂ ಪತ್ತೆಯಿಲ್ಲ. ಸತ್ತದ್ದು ಇಲ್ಲಿಯೇ ಅಲ್ಲ, ಬೇರೆ ಕಡೆ ಎನ್ನುವವರೂ ಇದ್ದಾರೆ. ಕಲ್ಲಿನ ಮುಂದೆ ಮಾತ್ರ ಹೂವು ಬಾಡುವುದೇ ಇಲ್ಲ. ನಾನು ಹೋದಾಗ ತಾಜಾ ಸೇವಂತಿಗೆ, ಒಂದು ಸಾಕೆ ಡಬ್ಬಿ, ಯಾರೋ ಹುಡುಗಿ ಬರೆದಿಟ್ಟ ಪತ್ರ ಇದ್ದವು.

ಆ ಬಾಗಿಲು ಅಲ್ಲಿ ಏಕಿತ್ತು ಎನ್ನುವುದನ್ನು ಹೂವು ಇಡುವವರು ಅಷ್ಟಾಗಿ ನೆನೆಯುವುದಿಲ್ಲ. ಅದು ಸುಂಕದ ಕಟ್ಟೆ. ಎನೊಮೊತೊನ ಕಡೆಯವರ ಬಳಿ ಹಣವಿರಲಿಲ್ಲ. ಊರಿನ ವರ್ತಕರಿಂದ ವಸೂಲಿ ಮಾಡಿದರು, ಬೆರಕೆ ಲೋಹದ ನಾಣ್ಯ ಅಚ್ಚು ಹಾಕಿ ಚಲಾವಣೆಗೆ ಬಿಟ್ಟರು, ಈ ಬಾಗಿಲಲ್ಲಿ ಹೋಗಿಬರುವವರಿಂದ ಕಾಸು ಕಿತ್ತರು. ಊರವರು ಅವರನ್ನು ಕರೆಯುತ್ತಿದ್ದದ್ದು ಓಡಿಬಂದವರು ಎಂದು. ಜೂನ್ 20ರ ಕಾಳಗದಲ್ಲಿ ಅವರು ಹಚ್ಚಿದ ಬೆಂಕಿಯಲ್ಲಿ ನೂರಾರು ಮನೆ ಸುಟ್ಟಾಗ ಆ ಬೆಂಕಿಗೂ ಓಡಿಬಂದವರ ಬೆಂಕಿ ಎಂದೇ ಹೆಸರಾಯಿತು. ಸಿನಿಮಾ, ಕಾದಂಬರಿ, ಟಿವಿ ಧಾರಾವಾಹಿಗಳಲ್ಲಿ ಮಿಂದೆದ್ದ ಹಿಜಿಕಾತಾನ ಮುಖದ ಹಿಂದೆ ಮನೆ ಕಳೆದುಕೊಂಡ ಮೀನು ವ್ಯಾಪಾರಿಯೊಬ್ಬ ಇದ್ದೇ ಇದ್ದಾನೆ. ಅವನಿಗಾಗಿ ನಿಲ್ಲಿಸಿದ ಕಲ್ಲು ನನಗೆ ಊರಿನಲ್ಲೆಲ್ಲೂ ಕಾಣಲಿಲ್ಲ.

ಹಿಜಿಕಾತಾನ ಆ ಮುಖ ನಮಗೆ ಸಿಕ್ಕಿದ್ದು ಒಂದೇ ಫೋಟೊದಿಂದ. ತೆಗೆದವನು ಹಕೊದಾತೆಯಲ್ಲೇ ಇದ್ದ ತಾಮೊತೊ ಕೆಂಜೋ ಎನ್ನುತ್ತಾರೆ. ಹಿಮ ಕಚ್ಚಿ ಕಾಲು ಕತ್ತರಿಸಿಕೊಂಡು ಆಮೇಲೆ ಕ್ಯಾಮೆರಾ ಹಿಡಿದವನು. ಚೆಲುವಾದ ಫೋಟೊ. ಹಿಜಿಕಾತಾ ಕುರೂಪಿಯಾಗಿದ್ದರೆ ಈ ಊರಿನ ಬಿಸ್ಕತ್ತು ಡಬ್ಬಗಳ ಗತಿ ಏನಾಗುತ್ತಿತ್ತೋ!

ನನಗೆ ಹಿಡಿಸಿದವನು ಬೇರೆ. ಟ್ರಾಮಿನ ಚಿಯೊಗಾದಾಯ್ ನಿಲ್ದಾಣದ ಪಕ್ಕ ಬೇಸ್‌ಬಾಲ್ ಮೈದಾನವಿದೆ. ಆ ಸುತ್ತಿನಲ್ಲಿ ಶೋಗುನ್ ಕಡೆಯವರ ಠಾಣೆಯೊಂದಿತ್ತು. ಬೆಂತೆನ್ ಕೋಟೆ ಶರಣಾದ ಮೇಲೆ ಗೊರ್ಯೋಕಾಕು ಬಿಟ್ಟರೆ ಉಳಿದಿದ್ದದ್ದು ಅದೊಂದೇ. ಅಲ್ಲಿನ ನಾಯಕ ನಾಕಾಜಿಮಾ ಸಾಬುರೊಸುಕೆ, ಐವತ್ತರ ಹತ್ತಿರದವನು. ಹದಿನಾರು ವರ್ಷ ಹಿಂದೆ, 1853ರಲ್ಲಿ, ಅಮೆರಿಕದ ನೌಕಾಧಿಕಾರಿ ಪೆರಿ ತನ್ನ ಕಪ್ಪು ಹಡಗುಗಳೊಂದಿಗೆ ಉರಾಗಾಕ್ಕೆ ಬಂದಾಗ ದೋಣಿಯಲ್ಲಿ ಹೋಗಿ ಮೊದಲು ಹಡಗು ಹತ್ತಿದ ಜಪಾನಿ ಅಧಿಕಾರಿ ಇವನೇ. ದೊಡ್ಡ ಅಧಿಕಾರಿಯನ್ನಲ್ಲದೆ ಬೇರೆಯವರನ್ನು ಹತ್ತಿಸುವುದಿಲ್ಲ ಎಂದು ಅಮೆರಿಕನ್ನರು ಹಟ ಹಿಡಿದಾಗ ಇವನು ತಾನೇ ಉಪ ರಾಜ್ಯಪಾಲ ಎಂದು ಹೇಳಿಕೊಂಡು ಹತ್ತಿದ್ದ. ಹಳೆಯ ಜಪಾನಿನ ಬಾಗಿಲು ತೆರೆದಾಗಲೂ ಅಲ್ಲಿದ್ದ, ಅದು ಕುಸಿದು ಬೀಳುವಾಗಲೂ ಇಲ್ಲಿದ್ದ. ಶರಣಾಗೆಂದು ಎನೊಮೊತೊನ ಕಡೆಯಿಂದಲೂ ಮಾತು ಬಂತು, ಎದುರಾಳಿಯ ಕಡೆಯಿಂದಲೂ ಬಂತು. ಒಪ್ಪಲಿಲ್ಲ. ಜೂನ್ 25ರ ಬೆಳಗಿನ ಜಾವ ಅವನೂ ಅವನ ಇಬ್ಬರು ಮಕ್ಕಳೂ ಅಲ್ಲಿಯೇ ಸತ್ತರು.

ಆ ಬಡಾವಣೆಗೆ ಈಗ ನಾಕಾಜಿಮಾ-ಚೋ ಎಂದೇ ಹೆಸರು. ಅಪ್ಪ ಮಕ್ಕಳು ಬಿದ್ದ ಜಾಗದಲ್ಲಿ ರಸ್ತೆಬದಿಗೆ ಕಲ್ಲಿದೆ. ಅಲ್ಲಿಂದ ಎರಡು ಹೆಜ್ಜೆಗೆ ಸಂತೆ. ರೈಲು ನಿಲ್ದಾಣದ ಮುಂದಿನ ಮುಂಜಾನೆ ಮಾರುಕಟ್ಟೆ ಪ್ರವಾಸಿಗಳದು, ಇದು ಊರಿನವರದು. ಒಣಗಿಸಿದ ಸ್ಕ್ವಿಡ್, ಉಪ್ಪಿನಲ್ಲಿಟ್ಟ ಮೂಲಂಗಿ, ಆ ದಿನದ ಮೀನು, ಹಬೆಯಾಡುವ ಅನ್ನದುಂಡೆ. ಉಪ್ಪಿನಕಾಯಿ ಅಂಗಡಿಯ ಅಜ್ಜಿ ಫೋನಿನ ಅನುವಾದ ಯಂತ್ರದ ಮೂಲಕ ನನ್ನನ್ನು ಮಾತಾಡಿಸಿದಳು. ಕಲ್ಲು ನೋಡಲು ಬಂದೆ ಎಂದೆ. ಯಾವ ಕಲ್ಲು ಎಂದಳು. ನಾಕಾಜಿಮಾ ಎಂದೆ. ಇದೇ ನಾಕಾಜಿಮಾ ಎಂದು ನೆಲ ತೋರಿಸಿ, ಒಂದು ಹೋಳು ಮೂಲಂಗಿ ಕೈಗಿಟ್ಟಳು. ಊರವರ ಬಾಯಲ್ಲಿ ದಿನಕ್ಕೆ ಸಾವಿರ ಸಲ ಅವನ ಹೆಸರು ಬರುತ್ತದೆ, ವಿಳಾಸವಾಗಿ, ಬಸ್ ನಿಲ್ದಾಣವಾಗಿ, ಸಂತೆಯ ಚೀಲದ ಮೇಲಿನ ಅಚ್ಚಾಗಿ. ಶವಪೆಟ್ಟಿಗೆಯ ಮೇಲಿನ ಹೆಸರಿಗಿಂತ ಇದು ವಾಸಿ ಅಂತ ನನಗನಿಸಿತು.

ಬೆಂತೆನ್ ಕೋಟೆಗೆ ಈ ಭಾಗ್ಯವೂ ಇಲ್ಲ. ಟ್ರಾಮ್ ಹಡಗುಕಟ್ಟೆಯ ಕೊನೆಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಕೋಟೆಯಿದ್ದ ಕಡೆ ಒಂದು ಗುರುತಿನ ಕಲ್ಲು, ಅಷ್ಟೇ. 1890ರ ದಶಕದ ಕೊನೆಯಲ್ಲಿ ಬಂದರು ಸುಧಾರಣೆಗೆಂದು ಅದನ್ನು ಬಿಚ್ಚಿ ಆ ಕಲ್ಲುಗಳನ್ನು ಮೀನು ಬಂದರಿನ ಅಲೆತಡೆಗೆ ಹಾಕಿದರು. ದಡದಲ್ಲಿ ನಿಂತು ನೋಡಿದರೆ ಒಂದರ ಮೇಲೊಂದು ಕೂತ ಹಳೆಯ ಚೌಕ ಕಲ್ಲುಗಳು ಕಾಣುತ್ತವೆ, ಮೇಲೆ ಕಡಲಹಕ್ಕಿಗಳ ಹಿಕ್ಕೆ. ಕದನದ ಸ್ಮಾರಕ ಎಂದು ಯಾರೂ ಬರೆದಿಲ್ಲ. ಆದರೂ ಗೊರ್ಯೋಕಾಕುವಿನಲ್ಲಿರುವ ಮರುಕಟ್ಟಿದ ಕಚೇರಿಗಿಂತ ಇದು ಹೆಚ್ಚು ನಿಜ.

ಬೆಟ್ಟದ ಮಗ್ಗುಲಿನ ಕೋರ್ಯೂಜಿ ದೇವಾಲಯಕ್ಕೆ ಹೋಗುವವರು ಸಾಮಾನ್ಯವಾಗಿ ಅದರ ಕೆತ್ತನೆಯ ಮಹಾದ್ವಾರ ನೋಡಲು ಹೋಗುತ್ತಾರೆ. ಅಂಗಳದಲ್ಲಿ ಇನ್ನೊಂದು ಕಲ್ಲಿದೆ. ಸೋತ ಪಕ್ಷದ ವೈದ್ಯ ತಾಕಾಮಾತ್ಸು ರ್ಯೋಉನ್ 1867ರಲ್ಲಿ ಪ್ಯಾರಿಸಿಗೆ ಹೋಗಿದ್ದವನು. ಅಲ್ಲಿನ ಹಳೆಯ ಧರ್ಮಾಸ್ಪತ್ರೆಯಲ್ಲಿ ಬಡವರಿಗೆ ಬಿಟ್ಟಿ ಚಿಕಿತ್ಸೆ ಕೊಡುವುದನ್ನು ಕಂಡವನು. ಹಕೊದಾತೆಯ ಆಸ್ಪತ್ರೆ ವಹಿಸಿಕೊಂಡಾಗ ಸ್ನೇಹಿತ ಶತ್ರು ಎಂದು ನೋಡದೆ ಗಾಯ ಕಟ್ಟಿದ. ಜೂನ್ 20ರಂದು ಸರ್ಕಾರದ ಸಿಪಾಯಿಗಳು ನುಗ್ಗಿದಾಗ ಬಾಗಿಲಲ್ಲಿ ನಿಂತು ರೋಗಿಗಳನ್ನು ಉಳಿಸಿಕೊಂಡ. ಗಾಯಾಳುಗಳು ಹೆಚ್ಚಾಗಿ ಕೋರ್ಯೂಜಿಯಲ್ಲಿ ತೆರೆದಿದ್ದ ಶಾಖೆಯಲ್ಲಿ ಅಂಥವರು ಇರಲಿಲ್ಲ. ಮಲಗಿದ್ದವರನ್ನು ಕೊಂದು ಬೆಂಕಿ ಇಟ್ಟರು. ಐಜು ಸಂಸ್ಥಾನದವರು 1880ರಲ್ಲಿ ಆ ಸತ್ತವರಿಗಾಗಿ ಕಲ್ಲು ನಿಲ್ಲಿಸಿದರು. ಅದರ ಮೇಲಿರುವುದು ನಾಲ್ಕೇ ಅಕ್ಷರ: ಮನಸ್ಸು ನೋಯುತ್ತದೆ, ಕಣ್ಣಿನಿಂದ ನೋಡಲಾಗದು ಎಂಬಷ್ಟೇ ಅರ್ಥ. ಕೊಂದವರು ಯಾರೆಂದಿಲ್ಲ. ಕೊಂದವರು ಆಗ ಸರ್ಕಾರದಲ್ಲಿದ್ದರು.

ಗೆದ್ದವರ ಸತ್ತವರು ಎಲ್ಲಿ? ಅವರ ಜಾಗ ಹುಡುಕಲು ಕಷ್ಟವಿಲ್ಲ. ಬೆಟ್ಟಕ್ಕೆ ನೇರವಾಗಿ ಏರುವ ಅಗಲವಾದ ಇಳಿಜಾರು ರಸ್ತೆಯ ತುದಿಯಲ್ಲಿ ಗೊಕೊಕು ದೇವಾಲಯವಿದೆ. ಯುದ್ಧ ಮುಗಿದ 1869ರಲ್ಲೇ ಸರ್ಕಾರ ಅಲ್ಲಿ ತನ್ನ ಕಡೆ ಸತ್ತವರಿಗೆ ಪೂಜೆಯ ಜಾಗ ಮಾಡಿತು. ಮುಂದೆ ಊರು, ಕೊಲ್ಲಿ, ಕಡಲು ಎಲ್ಲ ಕಾಣುತ್ತವೆ. ಬದಿಯಲ್ಲಿ ಸಾಲು ಸಾಲಾಗಿ ಮೊಣಕಾಲೆತ್ತರದ ಸಮಾಧಿ ಕಲ್ಲುಗಳು, ಒಂದೊಂದರಲ್ಲೂ ಹೆಸರು, ಸಂಸ್ಥಾನ. ದೂರದ ಸಾತ್ಸುಮಾದಿಂದ, ಚೋಶೂವಿನಿಂದ, ಪಕ್ಕದ ಮಾತ್ಸುಮಾಯೆಯಿಂದ ಬಂದ ಹುಡುಗರು. ಹಿಮದ ನಾಡಿನಲ್ಲಿ ಹುಟ್ಟದ ಎಷ್ಟೋ ಮಂದಿ ಹಿಮದ ನಾಡಿನಲ್ಲಿ ಉಳಿದುಬಿಟ್ಟರು. ನಾನಿದ್ದಷ್ಟು ಹೊತ್ತು ಮದುವೆಗೆ ಗಂಡು ಹೆಣ್ಣು ಕೂಡಿಬರಲೆಂದು ತಾಯಿತ ಕೊಳ್ಳಲು ಬಂದ ಹುಡುಗಿಯರನ್ನು ಬಿಟ್ಟರೆ ಯಾರೂ ಸಮಾಧಿಗಳ ಕಡೆ ತಿರುಗಿ ನೋಡಲಿಲ್ಲ. ಸೋತವರನ್ನು ಪ್ರೀತಿಸುವುದು ನೂರೈವತ್ತು ವರ್ಷ ಕಳೆದ ಮೇಲೆ ತುಂಬ ಸುಲಭ. ಅವರಿಂದ ನಮಗೀಗ ಯಾವ ತೊಂದರೆಯೂ ಇಲ್ಲ. ಗೆದ್ದ ಪಕ್ಷದ ಹೆಸರಾಗದ ಸಿಪಾಯಿಯನ್ನು ನೆನೆಯಲು ಯಾರಿಗೂ ಕಾರಣ ಕಾಣುವುದಿಲ್ಲ, ಅವನನ್ನು ಸರ್ಕಾರವೇ ನೆನೆದಿದೆಯಲ್ಲ ಎಂಬ ಸಮಾಧಾನ.

ಅದೇ ಬೆಟ್ಟದ ಇನ್ನೊಂದು ಬದಿಗೆ ಹೋಗಲು ಟ್ರಾಮಿನ ಇನ್ನೊಂದು ತುದಿ ಯಾಚಿಗಾಶಿರಾದಲ್ಲಿ ಇಳಿಯಬೇಕು. ಬಿಸಿನೀರ ಬುಗ್ಗೆಯ ಸ್ನಾನದ ಮನೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗುವ ಮುದುಕರು ದಾರಿ ತೋರಿಸಿದರು. ಮನೆಗಳು ಮುಗಿದು, ದೇವಾಲಯವೊಂದು ಕಳೆದು, ಸುಗಿ ಮರಗಳ ನಡುವೆ ಒದ್ದೆ ಮಣ್ಣಿನ ಏರುದಾರಿ. ಕಾಗೆಗಳ ಕೂಗು. ಮೇಲೆ ಮೆಟ್ಟಿಲು ಹತ್ತಿದರೆ ಆರು ಮೀಟರಿನಷ್ಟು ಎತ್ತರದ ಕಲ್ಲು. ಇದು ಹೆಕ್ಕೆತ್ಸುಹಿ. ಸೋತ ಪಕ್ಷದಲ್ಲಿ ಸತ್ತ ಸುಮಾರು 800 ಮಂದಿಯ ಸ್ಮಾರಕ.

ಈ ಕಲ್ಲಿನ ಮೂಲದಲ್ಲಿರುವವನು ಸಾಮುರಾಯ್ ಅಲ್ಲ, ಕೂಲಿಯಾಳುಗಳ ಗುತ್ತಿಗೆದಾರ. ಯಾನಾಗಾವಾ ಕುಮಾಕಿಚಿ ಎದೊದಿಂದ 1856ರಲ್ಲಿ ಹಕೊದಾತೆಗೆ ಬಂದು ಗೊರ್ಯೋಕಾಕು ಕಟ್ಟಲು ಆಳುಗಳನ್ನು ಒದಗಿಸಿದವನು. ಊರಿನ ಪುಂಡರೆಲ್ಲ ಅವನ ಮಾತು ಕೇಳುತ್ತಿದ್ದರು. ಒಳ್ಳೆಯವನೋ ಪುಂಡನೋ ಎಂದು ಸರ್ಕಾರಕ್ಕೆ ಅನುಮಾನ ಬರುವಂಥ ಮನುಷ್ಯ. ಯುದ್ಧ ಮುಗಿದಾಗ ಗೆದ್ದವರು ತಮ್ಮವರನ್ನು ಸಂಸ್ಕಾರ ಮಾಡಿದರು. ರಾಜದ್ರೋಹಿಗಳ ಹೆಣಗಳನ್ನು ಮುಟ್ಟಕೂಡದು ಎಂದರು. ಜೂನ್ ಕೊನೆಯ ಬಿಸಿಲಿನಲ್ಲಿ ಬೀದಿಯಲ್ಲಿ, ಹೊಲದಲ್ಲಿ ಹೆಣಗಳು ಬಿದ್ದಿದ್ದವು. ಕುಮಾಕಿಚಿ ಜಿತ್ಸುಗ್ಯೋಜಿ ದೇವಾಲಯದ ಭಿಕ್ಷುವಿನೊಡನೆ ಮಾತಾಡಿಕೊಂಡು ತನ್ನ ಆಳುಗಳನ್ನು ಕಳಿಸಿ ಅವನ್ನು ಕೂಡಿಹಾಕಿ ದೇವಾಲಯಗಳಲ್ಲಿ ಹೂಳಿಸಿದ. ಹಿಡಿದರು. ಮರಣದಂಡನೆ ಎಂದರು. ಸಾತ್ಸುಮಾದ ತಾಜಿಮಾ ಕೇಯಿಜೋ ಎಂಬ ಅಧಿಕಾರಿ ಇಂಥವನನ್ನು ಕೊಲ್ಲುವುದು ತರವಲ್ಲ ಎಂದು ಬಿಡಿಸಿದ. 1871ರಲ್ಲಿ ಕುಮಾಕಿಚಿ ಬೆಟ್ಟದ ಈ ತಪ್ಪಲಿನಲ್ಲಿ ಜಾಗ ಕೊಂಡು ಎಲುಬುಗಳನ್ನು ಇಲ್ಲಿಗೆ ತಂದ. 1875ರಲ್ಲಿ, ಬದುಕುಳಿದ ಹಳೆಯ ಸಂಗಾತಿಗಳ ನೆರವಿನಿಂದ, ಟೋಕಿಯೊದಿಂದ ಹಡಗಿನಲ್ಲಿ ಬಂದ ಕಲ್ಲು ನಿಂತಿತು. ಮುಂಭಾಗದ ಅಕ್ಷರ ಬರೆದವನು ಎನೊಮೊತೊನ ಜೊತೆ ಸೋತು ಸೆರೆ ಹೋಗಿದ್ದ ಓತೊರಿ ಕೇಯಿಸುಕೆ ಎನ್ನುತ್ತಾರೆ. ಅನ್ಯಾಯವಾಗಿ ಸತ್ತ ನಿಷ್ಠಾವಂತನ ರಕ್ತ ಮೂರು ವರ್ಷದ ಮೇಲೆ ಹಸಿರು ರತ್ನವಾಯಿತು ಎಂಬ ಹಳೆಯ ಚೀನೀ ಕಥೆಯಿಂದ ಹೆಸರು ಬಂದಿದೆ.

ನಾನು ಸುತ್ತಿಕೊಂಡು ಹಿಂಭಾಗಕ್ಕೆ ಹೋದೆ. ಅಲ್ಲಿನ ಬರಹವೇ ಇಡೀ ಹಕೊದಾತೆಯಲ್ಲಿ ನನ್ನನ್ನು ಹೆಚ್ಚು ಕಾಲ ನಿಲ್ಲಿಸಿದ್ದು. ಡ್ರ್ಯಾಗನ್ ಮತ್ತು ಹಾವಿನ ವರ್ಷಗಳಲ್ಲಿ, ಎಂದರೆ 1868 ಮತ್ತು 69ರಲ್ಲಿ, ಇಂಥದೊಂದು ಸಂಗತಿ ನಿಜವಾಗಿ ನಡೆಯಿತು. ಅದಕ್ಕಾಗಿ ಬೆಟ್ಟದ ಮೇಲೆ ಕಲ್ಲು ನಿಲ್ಲಿಸಿದ್ದೇವೆ. ಇಷ್ಟೇ ಅದರ ಸಾರ. ಯಾವ ಸಂಗತಿ, ಯಾರು ಸತ್ತರು, ಯಾರ ವಿರುದ್ಧ, ಒಂದೂ ಇಲ್ಲ. ನಮ್ಮ ಊರ ಬಾಗಿಲ ವೀರಗಲ್ಲಿನಲ್ಲಿ ಸತ್ತವನ ಹೆಸರು, ಯಾರ ದನ ಬಿಡಿಸಲು ಹೋಗಿ ಸತ್ತ, ಆಳುತ್ತಿದ್ದ ಅರಸ ಯಾರು, ಎಲ್ಲ ಕೊರೆದಿರುತ್ತಾರೆ. ಇಲ್ಲಿ ಆಳುತ್ತಿದ್ದವರೇ ಕೊಂದವರಾದ್ದರಿಂದ ಬರೆಯುವವರು ತೂಕ ಹಾಕಿ ಬರೆದಿದ್ದಾರೆ. ಅಳಿಸಲು ಯಾವ ಅಧಿಕಾರಿಗೂ ಕಾರಣ ಸಿಗದಂತೆ, ಓದುವ ಯಾರಿಗೂ ಅನುಮಾನ ಉಳಿಯದಂತೆ. ನಡೆದದ್ದು ನಿಜ ಎಂಬುದೊಂದನ್ನೇ ಹಟ ಹಿಡಿದು ಹೇಳುವ ಸ್ಮಾರಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಕ್ಕದಲ್ಲಿ ಕುಮಾಕಿಚಿಯದೇ ಒಂದು ಕಲ್ಲಿದೆ. ಅವನಿಗೆ 88 ತುಂಬಿದಾಗ, 1913ರಲ್ಲಿ, ಊರವರು ನಿಲ್ಲಿಸಿದ್ದು. ಪ್ರತಿ ಜೂನ್‌ನಲ್ಲಿ ಇಲ್ಲಿ ಸತ್ತವರಿಗೆ ಪೂಜೆ ಇಂದಿಗೂ ನಡೆಯುತ್ತದೆ.

ಎನೊಮೊತೊ ಏನಾದ? ಸೋಲು ಖಚಿತವಾದಾಗ ಅವನು ತನ್ನ ಬಳಿಯಿದ್ದ ಕಡಲ ಕಾನೂನಿನ ಗ್ರಂಥವೊಂದನ್ನು ಎದುರಾಳಿ ಕುರೊದಾಗೆ ಕಳಿಸಿಕೊಟ್ಟ. ಬೆಂಕಿಯಲ್ಲಿ ಸುಟ್ಟುಹೋದರೆ ದೇಶಕ್ಕೆ ನಷ್ಟ ಎಂದು. ಹಾಲೆಂಡಿನಲ್ಲಿ ಓದುವಾಗ ಸಿಕ್ಕ ಪುಸ್ತಕ, ಜಪಾನಿನಲ್ಲಿ ಬೇರೆ ಪ್ರತಿ ಇರಲಿಲ್ಲ. ಕುರೊದಾ ಪ್ರತಿಯಾಗಿ ಸಾಕೆಯ ಪೀಪಾಯಿಗಳನ್ನು ಕಳಿಸಿದ. ಜೂನ್ 27ರಂದು ಗೊರ್ಯೋಕಾಕು ಬಾಗಿಲು ತೆರೆಯಿತು. ಎನೊಮೊತೊನನ್ನು ಕೊಲ್ಲಬೇಕೆಂದು ಸರ್ಕಾರದಲ್ಲಿ ಹಲವರು ಹಟ ಹಿಡಿದಾಗ ಕುರೊದಾ ತಲೆ ಬೋಳಿಸಿಕೊಂಡು ಅವನ ಪರ ಬೇಡಿದ. ಬೋಳುತಲೆಯ ಕುರೊದಾನ ಫೋಟೊ ಇಂದಿಗೂ ಇದೆ. 1872ರಲ್ಲಿ ಬಿಡುಗಡೆ, ಆಮೇಲೆ ಅದೇ ಸರ್ಕಾರದಲ್ಲಿ ನೌಕರಿ. ಹೆಕ್ಕೆತ್ಸುಹಿ ನಿಂತ 1875ರ ಮೇ ತಿಂಗಳಲ್ಲೇ ಎನೊಮೊತೊ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜಪಾನಿನ ರಾಯಭಾರಿಯಾಗಿ ಒಪ್ಪಂದವೊಂದಕ್ಕೆ ಸಹಿ ಹಾಕುತ್ತಿದ್ದ: ಸಖಾಲಿನ್ ದ್ವೀಪ ರಷ್ಯಾಕ್ಕೆ, ಕುರಿಲ್ ದ್ವೀಪಗಳು ಜಪಾನಿಗೆ. ಮುಂದೆ ಮಂತ್ರಿಯೂ ಆದ.

ಆ ಸಹಿಯ ನಂತರ ನನ್ನ ದಾರಿ ಕಲ್ಲುಗಳಿಂದ ಬೇರೆಡೆಗೆ ತಿರುಗಿತು. ಹಕೊದಾತೆಯಲ್ಲಿ ಬ್ಯಾಂಕ್ ಆಫ್ ಜಪಾನಿನ ಹಳೆಯ ಶಾಖೆಯ ಕಟ್ಟಡದಲ್ಲಿ ಉತ್ತರದ ಜನಾಂಗಗಳ ವಸ್ತುಸಂಗ್ರಹಾಲಯವಿದೆ. ದಪ್ಪ ಕಂಬಗಳ, ಕಬ್ಬಿಣದ ಬಾಗಿಲಿನ ಆ ಕಟ್ಟಡದೊಳಗೆ ಐನು ಜನರ ಎಲ್ಮ್ ನಾರಿನ ಅಂಗಿಗಳು, ಮೀನಿನ ಚರ್ಮದ ಉಡುಪು, ಕೆತ್ತಿದ ಪ್ರಾರ್ಥನೆಯ ಕೋಲುಗಳು. ಎಜೊ ಎಂಬ ದ್ವೀಪ ಅವರದಾಗಿತ್ತು. ಅಲ್ಲಿ ಗಣರಾಜ್ಯ ಕಟ್ಟಲು ಬಂದವರೂ ಅವರನ್ನು ಕೇಳಲಿಲ್ಲ, ಅದನ್ನು ಮುರಿಯಲು ಬಂದವರೂ ಕೇಳಲಿಲ್ಲ. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಹೊಕ್ಕಾಯ್ಡೊ ಎಂಬ ಹೊಸ ಹೆಸರಿಟ್ಟು, ನೆಲ ಅಳೆದು, ದಕ್ಷಿಣದಿಂದ ಬಂದವರಿಗೆ ಹಂಚತೊಡಗಿದರು. ಎನೊಮೊತೊ ಸಹಿ ಹಾಕಿದ ಒಪ್ಪಂದದ ಬೆನ್ನಿಗೆ ಸಖಾಲಿನ್ನಿನಿಂದ 841 ಐನು ಜನರನ್ನು ಹಡಗಿನಲ್ಲಿ ತಂದರು. ಮರುವರ್ಷ ಸಪ್ಪೊರೊ ಬಳಿಯ ತ್ಸುಯಿಶಿಕಾರಿಗೆ ಸಾಗಿಸಿದರು. ಆ ಕೆಲಸ ಮಾಡಿಸಿದ ಹೊಕ್ಕಾಯ್ಡೊ ಅಭಿವೃದ್ಧಿ ಇಲಾಖೆಯ ಮುಖ್ಯಸ್ಥ ಕುರೊದಾ ಕಿಯೊತಾಕಾ, ತಲೆ ಬೋಳಿಸಿಕೊಂಡು ಶತ್ರುವಿನ ಜೀವ ಉಳಿಸಿದ ಅದೇ ಕುರೊದಾ. 1886 ಮತ್ತು 87ರಲ್ಲಿ ಕಾಲರಾ, ಸಿಡುಬು ಬಂದು ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಅವರಿಗೂ ಒಂದು ಕಲ್ಲಿದೆ, ಎಬೆತ್ಸು ಊರಿನ ಸ್ಮಶಾನದಲ್ಲಿ. ಹಕೊದಾತೆಯ ಪ್ರವಾಸಿ ನಕ್ಷೆಯಲ್ಲಿ ಅದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ರೈಲಿನಲ್ಲಿ ನಾಲ್ಕು ಗಂಟೆಗೂ ಹೆಚ್ಚಿನ ದೂರ. ಮರುದಿನ ಟೋಕಿಯೊ ಕಡೆಗೆ ಹೊರಡಬೇಕಿದ್ದವನು ನಿಲ್ದಾಣದ ಕಿಟಕಿಯಲ್ಲಿ ಟಿಕೆಟ್ ಬದಲಿಸಿಕೊಂಡು ಸಪ್ಪೊರೊ ರೈಲಿಗೆ ಸೀಟು ಬರೆಸಿದೆ. ಕಿಟಕಿಯಲ್ಲಿದ್ದ ಹುಡುಗ ಎಬೆತ್ಸುವಿನಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಬದಲಾಯಿಸುವ ಪ್ಲಾಟ್‌ಫಾರ್ಮಿನ ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದುಕೊಟ್ಟ.